ಆದಿನಾರಾಯಣನ ಒಂದೇ ಸಾಲು

ಮೂವತ್ತು ವರ್ಷ ನಾನು ಕಂಪ್ಯೂಟರ್ ಆಗಿದ್ದೆ. ಹೀಗಂದರೆ ಈಗಿನ ಹುಡುಗರು ಮುದುಕನಿಗೆ ಅರಳುಮರಳು ಅಂದುಕೊಳ್ಳುತ್ತಾರೆ. ಅವರಿಗೆ ಕಂಪ್ಯೂಟರ್ ಅಂದರೆ ಒಂದು ಪೆಟ್ಟಿಗೆ. ನಮ್ಮ ಕಾಲಕ್ಕೆ ಅದು ಮನುಷ್ಯನ ಹುದ್ದೆ. ಸರ್ವೆ ಆಫೀಸಿನಲ್ಲಿ ಯಂತ್ರ ಹೊತ್ತುಕೊಂಡು ಗುಡ್ಡ ಹತ್ತಿ ಕೋನ ಅಳೆಯುವವರು ಬೇರೆ, ನಕ್ಷೆ ಬರೆಯುವವರು ಬೇರೆ. ಅವರಿಬ್ಬರ ನಡುವೆ ಕೂತು ಲೆಕ್ಕ ಹಾಕುವವರಿಗೆ ಕಂಪ್ಯೂಟರ್ ಅನ್ನುತ್ತಿದ್ದರು. ಆ ಹುದ್ದೆಯನ್ನು ಪೆಟ್ಟಿಗೆಗೆ ಕೊಟ್ಟರಲ್ಲ ಅಂತ ನನಗೆ ಸ್ವಲ್ಪ ಸಂಕಟವೇ.

ಹೊಸದಾಗಿ ಸೇರುವ ಹುಡುಗರಿಗಾಗಿ ಏನಾದರೂ ಬರೆದುಕೊಡಿ ಅಂತ ಈಗಿನ ಆಫೀಸಿನವರು ಕೇಳಿದ್ದಾರೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಅನ್ನುವುದೆಲ್ಲ ನನಗೂ ನೆನಪಿಲ್ಲ, ನಿಮಗೂ ಬೇಡ. ನನಗೆ ಚೆನ್ನಾಗಿ ನೆನಪಿರುವುದು ನನ್ನ ಹೊಟ್ಟೆಕಿಚ್ಚು. ಅದರ ಬಗ್ಗೆ ಬರೆದರೆ ಕೆಲಸದ ಬಗ್ಗೆಯೂ ಬರೆದಂತೆಯೇ ಆಗುತ್ತದೆ.

ನಮ್ಮ ಆಫೀಸು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಸಿಪಾಯಿಗಳು ಬಿಟ್ಟುಹೋದ ಒಂದು ಹಳೆಯ ಬ್ಯಾರಕ್ಕಿನಲ್ಲಿತ್ತು. ಗೋಡೆ ಅಷ್ಟು ದಪ್ಪ ಇದ್ದರೂ ಚೈತ್ರದಲ್ಲಿ ಒಳಗೆ ಕೂತವರ ಬೆವರು ಹಾಳೆಯ ಮೇಲೆ ಬಿದ್ದು ಮಸಿ ಹರಡುತ್ತಿತ್ತು. ಮೊಣಕೈ ಕೆಳಗೆ ಒಂದು ಬಟ್ಟೆ ಹಾಸಿಕೊಂಡು ಬರೆಯುತ್ತಿದ್ದೆವು. ನನ್ನ ಊರು ಕುರುಗೋಡು. ನಮ್ಮೂರ ದೇವರ ಹೆಸರೇ ನನಗೂ, ದೊಡ್ಡಬಸಪ್ಪ. ಬಳ್ಳಾರಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದ್ದೆ.

ನಮ್ಮ ಅನ್ನದ ಗಂಟು ಲಾಗ್ ಪುಸ್ತಕ. ಲಘುಗಣಕ ಅಂತ ಅದಕ್ಕೆ ಒಳ್ಳೆಯ ಕನ್ನಡ ಹೆಸರಿದೆ, ನಾವ್ಯಾರೂ ಹಾಗೆ ಕರೆಯುತ್ತಿರಲಿಲ್ಲ. ದೊಡ್ಡ ದೊಡ್ಡ ಸಂಖ್ಯೆಗಳನ್ನು ಗುಣಿಸುವುದು ಕೈಯಲ್ಲಿ ಮಾಡಿದರೆ ಹೊತ್ತು ಮುಳುಗುತ್ತದೆ. ಅದರ ಬದಲು ಪುಸ್ತಕದಲ್ಲಿ ಎರಡರ ಲಾಗ್ ಹುಡುಕಿ, ಕೂಡಿಸಿ, ಬಂದ ಮೊತ್ತ ಯಾವ ಸಂಖ್ಯೆಯ ಲಾಗ್ ಅಂತ ಮತ್ತೆ ಪುಸ್ತಕದಲ್ಲೇ ಹಿಂದಕ್ಕೆ ಹುಡುಕಿದರೆ ಗುಣಲಬ್ಧ ಸಿಕ್ಕಿತು. ಭಾಗಿಸಬೇಕಾದರೆ ಲಾಗ್ ಕಳೆಯುವುದು, ವರ್ಗಮೂಲ ಬೇಕಾದರೆ ಲಾಗ್ ಅರ್ಧ ಮಾಡುವುದು. ಕೂಡುವುದು, ಕಳೆಯುವುದು, ಅರ್ಧ ಮಾಡುವುದು ಬಂದರೆ ಗುಡ್ಡದಿಂದ ಗುಡ್ಡಕ್ಕೆ ಎಷ್ಟು ದೂರ ಅಂತ ಕೂತಲ್ಲೇ ಹೇಳಬಹುದಿತ್ತು.

ನಾವು ಆಗ ಮಾಡುತ್ತಿದ್ದುದು ಕಾಲುವೆಗೆ ಬೇಕಾದ ಅಳತೆ. ಬಳ್ಳಾರಿ ಗುಡ್ಡದಿಂದ ಕುರುಗೋಡು ಗುಡ್ಡ, ಅಲ್ಲಿಂದ ಸಿರುಗುಪ್ಪದ ಬಯಲಿನ ತನಕ ತ್ರಿಕೋನಗಳ ಒಂದು ಸರಪಳಿ. ಮೊದಲನೇ ತ್ರಿಕೋನದ ಒಂದು ಬಾಹುವನ್ನು ಮಾತ್ರ ಬಳ್ಳಾರಿ ಹೊರಗಿನ ಎರೆಹೊಲದಲ್ಲಿ ನೆಲದ ಮೇಲೆ ಉಕ್ಕಿನ ಟೇಪು ಹಿಡಿದು ಅಳೆದಿದ್ದರು. ಮಿಕ್ಕ ಬಾಹುಗಳೆಲ್ಲ ಕೋನಗಳಿಂದ ಲೆಕ್ಕ ಹಾಕಿ ಬರಬೇಕು. ಗೊತ್ತಿರುವ ಬಾಹುವಿನ ಲಾಗಿಗೆ ಒಂದು ಕೋನದ ಸೈನಿನ ಲಾಗ್ ಕೂಡಿಸಿ, ಇನ್ನೊಂದು ಕೋನದ ಸೈನಿನ ಲಾಗ್ ಕಳೆದರೆ ಹೊಸ ಬಾಹುವಿನ ಲಾಗ್ ಬರುತ್ತದೆ. ಅದನ್ನು ಪುಸ್ತಕದಲ್ಲಿ ಹಿಂದಕ್ಕೆ ಹುಡುಕಿ ಅಡಿಗೆ ತಂದು, ಇಷ್ಟು ಅಡಿ ಉದ್ದ ಅಂತ ಬರೆಯುವುದು. ಆ ಅಡಿಯೇ ಮುಂದಿನ ತ್ರಿಕೋನಕ್ಕೆ ಆಧಾರ, ಮತ್ತೆ ಅದರ ಲಾಗ್ ತೆಗೆಯುವುದು. ನಮ್ಮ ಹಿರಿಯ ಕಂಪ್ಯೂಟರ್ ಶೇಷಗಿರಿರಾಯರು ಹೀಗೇ ಕಲಿಸಿದ್ದರು. ನಶ್ಯದ ಡಬ್ಬಿ ತಟ್ಟುತ್ತಾ, "ಪ್ರತಿ ಬಾಹು ಅಡಿಯಾಗಿ ಕಣ್ಣಿಗೆ ಕಾಣಬೇಕು ನೋಡಪ್ಪ, ಇಲ್ಲಾಂದ್ರ ಅದು ಲೆಕ್ಕ ಅಲ್ಲ, ಮಂತ್ರ," ಅನ್ನುತ್ತಿದ್ದರು.

ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಲೆಕ್ಕವನ್ನೂ ಇಬ್ಬರು ಮಾಡಬೇಕು. ಒಬ್ಬರದು ಒಬ್ಬರಿಗೆ ಕಾಣದಂತೆ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಮುಗಿಸಿದವನು ಕುರ್ಚಿ ತಿರುಗಿಸಿ, ಜೋಡಿಯವನ ಬೆನ್ನು ನೋಡುತ್ತಾ ಸುಮ್ಮನೆ ಕಾಯಬೇಕು. ಅವನದೂ ಮುಗಿದ ಮೇಲೆ ಒಬ್ಬ ಅಂಕಿ ಓದುತ್ತಾನೆ, ಇನ್ನೊಬ್ಬ "ಸರಿ" ಅನ್ನುತ್ತಾನೆ. ಇಬ್ಬರದೂ ಕೂಡಿಬಂದರೆ ಇಬ್ಬರೂ ಸಹಿ ಹಾಕುವುದು. ಬರದಿದ್ದರೆ ಇಬ್ಬರೂ ಮೊದಲಿಂದ ಮಾಡುವುದು.

ಆ ಬ್ಯಾರಕ್ಕಿನಲ್ಲಿ ಮೊದಲು ಕುರ್ಚಿ ತಿರುಗಿಸುವವನು ನಾನು. ನನ್ನ ಜೋಡಿ ಯಾರೇ ಆಗಲಿ, ನಾನೇ. ನಲ್ಲಿಯಲ್ಲಿ ನೀರು ಕುಡಿದು ಬಂದು ಕಾಲು ಮೇಲೆ ಕಾಲು ಹಾಕಿ ಇನ್ನೊಬ್ಬನ ಬೆನ್ನಿನ ಬೆವರು ನೋಡುತ್ತಾ ಕೂರುವ ಸುಖವನ್ನು ಏನಂತ ಹೇಳಲಿ. ಸಂಬಳ ಎಲ್ಲರಿಗೂ ಒಂದೇ, ಕೂರುವ ಜಾಗ ಒಂದೇ, ಸಾಹೇಬರ ಬೈಗುಳವೂ ಒಂದೇ. ನನ್ನದು ಅಂತ ನನಗಿದ್ದದ್ದು ಆ ಕುರ್ಚಿಯ ಸದ್ದು ಒಂದೇ.

ಯುದ್ಧ ಮುಗಿಯುವ ಹೊತ್ತಿಗೆ ಆದೋನಿಯಿಂದ ಆದಿನಾರಾಯಣ ಬಂದ. ಕಡ್ಡಿಯಂಥ ಆಳು, ಜೇಬಿನ ತುಂಬ ಹುರಿಗಡಲೆ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಕೆಲಸದಲ್ಲಿ ಎರಡೂ ಸೇರಿಸಿ. ನನಗಿಂತ ಚಿಕ್ಕವನು, ನನ್ನನ್ನು ತೆಲುಗಿನ ಮರ್ಯಾದೆ ಸೇರಿಸಿ "ಬಸಪ್ಪಗಾರೂ" ಅನ್ನುತ್ತಿದ್ದ. ಶೇಷಗಿರಿರಾಯರು ಅವನನ್ನು ನನಗೆ ಜೋಡಿ ಮಾಡಿ, ಆ ಸರಪಳಿಯ ಲೆಕ್ಕವನ್ನು ಇಬ್ಬರಿಗೂ ಕೊಟ್ಟರು.

ಮೊದಲನೇ ಬಾಹು ಅಡಿಗೆ ತಂದು ಕದ್ದು ಹಿಂದೆ ನೋಡಿದೆ. ಅವನು ಪೆನ್ನೇ ಮುಟ್ಟಿರಲಿಲ್ಲ. ಕೋನಗಳ ಹಾಳೆ ಮುಂದಿಟ್ಟುಕೊಂಡು ಕಡಲೆ ಅಗಿಯುತ್ತಿದ್ದ. ಎರಡನೇ ಬಾಹು ಮುಗಿಸಿ ನೋಡಿದೆ, ಆಗಲೂ ಹಾಗೇ. ಪಾಪ, ಪುಸ್ತಕ ಬಿಚ್ಚುವುದೇ ಬರುವುದಿಲ್ಲವೇನೋ ಅಂತ ನನಗೆ ಹಾಲು ಕುಡಿದಷ್ಟು ಸಂತೋಷ. ಮೂರನೇ ತ್ರಿಕೋನದ ನಡುವೆ ಇದ್ದೆ. ಬೆನ್ನ ಹಿಂದೆ ಕರ್ ಅಂತ ಕುರ್ಚಿ ತಿರುಗಿತು.

ನೀರು ಕುಡಿಯೋಕೆ ಹೊರಟಿರಬೇಕು ಅಂದುಕೊಂಡೆ. ಎದ್ದ ಸದ್ದು ಬರಲಿಲ್ಲ. ಕಡಲೆ ಅಗಿಯುವ ಸದ್ದು ಮಾತ್ರ ನನ್ನ ಬೆನ್ನಿಗೆ ನೇರವಾಗಿ ಬರುತ್ತಿತ್ತು. ಉಳಿದ ತ್ರಿಕೋನಗಳನ್ನು ನಾನು ಹೇಗೆ ಮುಗಿಸಿದೆನೋ ನನಗೇ ಗೊತ್ತಿಲ್ಲ. ಆಮೇಲೆ ಉತ್ತರ ಓದಿದೆವು. ಕೊನೆಯ ಅಂಕಿಯೊಂದು ಬಿಟ್ಟರೆ ಎಲ್ಲ ಕೂಡಿಬಂತು.

ಶೇಷಗಿರಿರಾಯರು ಅವನ ಹಾಳೆ ಎತ್ತಿ ನೋಡಿದರು. ಅದರಲ್ಲಿ ಮುಕ್ಕಾಲು ಭಾಗ ಬರೀ ಬಿಳಿ.

"ಇದೇನಪ್ಪ, ನಡುವಿನ ಬಾಹು ಎಲ್ಲಿ? ಅಡಿ ಎಲ್ಲಿ?"

"ಸಿರುಗುಪ್ಪದ ಬಾಹು ಒಂದೇ ಕೇಳಿದ್ರಲ್ರೀ. ಎಲ್ಲಾನೂ ಒಂದೇ ಸಾಲಿನಾಗ ಹಾಕೀನಿ. ಗುಣಿಸೋ ಸೈನೆಲ್ಲ ಗೆರಿ ಮ್ಯಾಲ, ಭಾಗಿಸೋ ಸೈನೆಲ್ಲ ಗೆರಿ ಕೆಳಗ. ಮ್ಯಾಲಿಂದರ ಲಾಗ್ ಎಲ್ಲಾ ಒಮ್ಮಿ ಕೂಡ್ಸಿ, ಕೆಳಗಿಂದರ ಲಾಗ್ ಎಲ್ಲಾ ಒಮ್ಮಿ ಕೂಡ್ಸಿ, ಒಂದೇ ಸಲ ಕಳದೀನಿ. ಪುಸ್ತಕ ಹಿಂದಕ್ಕ ತಿರುವಿದ್ದು ಒಂದೇ ಸಲ."

"ಬಸಪ್ಪನ ಕೊನೀ ಅಂಕಿ ಯಾಕ ಬ್ಯಾರೆ ಬಂತು ಹಂಗಾರ?"

ಅವನು ನನ್ನ ಕಡೆ ತಿರುಗಿ ಮೆಲ್ಲಗೆ ಅಂದ, "ಬಸಪ್ಪಗಾರೂ, ನೀವು ಪ್ರತಿ ಬಾಹುವಿಗೂ ನಿಚ್ಚಣಿಕಿ ಇಳದು ಅಡಿಗಿ ಬರ್ತೀರಿ, ಮತ್ತ ಹತ್ತಿ ಲಾಗಿಗಿ ಹೋಗ್ತೀರಿ. ಇಳದಾಗೊಮ್ಮಿ ಹತ್ತಿದಾಗೊಮ್ಮಿ ಕೊನೀ ಅಂಕಿ ಸವೀತೈತಿ. ಮ್ಯಾಲೇ ಇದ್ರ ಆತಲ್ಲ, ಇಳಿಯೋದ್ಯಾಕ?"

ಇದರಲ್ಲಿ ನನಗೆ ತಿಳಿಯದ್ದು ಏನೂ ಇರಲಿಲ್ಲ. ಗುಣಾಕಾರಕ್ಕೆ ಲಾಗ್ ಕೂಡಬೇಕು, ಭಾಗಾಕಾರಕ್ಕೆ ಕಳೆಯಬೇಕು ಅನ್ನುವುದು ನನಗೆ ಬಾಯಿಪಾಠ. ಎರಡು ತ್ರಿಕೋನಕ್ಕೆ ಸರಿಯಾದದ್ದು ಹತ್ತು ತ್ರಿಕೋನ ಸೇರಿಸಿದರೂ ಸರಿ ಅಂತ ಯಾರು ಬೇಕಾದರೂ ಹೇಳಬಹುದು. ಹೊಟ್ಟೆ ಉರಿದದ್ದೇ ಅದಕ್ಕೆ. ನನಗೆ ಗೊತ್ತಿಲ್ಲದ ವಿದ್ಯೆಯಿಂದ ಅವನು ನನ್ನನ್ನು ಸೋಲಿಸಿದ್ದರೆ ವಿಧಿ ಅಂತ ಸುಮ್ಮನಿರುತ್ತಿದ್ದೆ. ನನಗೆ ಗೊತ್ತಿದ್ದದ್ದರಿಂದಲೇ ಸೋಲಿಸಿದ.

ಸ್ವಲ್ಪ ದಿನಕ್ಕೆ ಇನ್ನೊಂದು ಆಯಿತು. ಸಾಲಿನಲ್ಲಿ ಮೇಲೊಂದು ಎಪ್ಪತ್ತೊಂದು ಡಿಗ್ರಿ ಕೋನ, ಕೆಳಗೊಂದು ನೂರಒಂಬತ್ತು ಡಿಗ್ರಿ ಕೋನ ಇತ್ತು. ಎರಡೂ ಸೇರಿದರೆ ನೂರಎಂಬತ್ತು. ಅಂಥ ಎರಡು ಕೋನಗಳ ಸೈನ್ ಒಂದೇ. ನಾನು ಎಪ್ಪತ್ತೊಂದರ ಲಾಗ್ ಏಳು ಅಂಕಿಯೂ ಬರೆದು ಕೂಡಿಸಿದೆ. ಒಂದು ತ್ರಿಕೋನ ದಾಟಿದ ಮೇಲೆ ನೂರಒಂಬತ್ತಕ್ಕೆ ಪುಸ್ತಕ ತಿರುವಿ, ಅವೇ ಏಳು ಅಂಕಿ ಬರೆದು ಕಳೆದೆ. ಅವನು ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ಗೀಟು ಹೊಡೆದು ಎರಡನ್ನೂ ಬಿಟ್ಟುಬಿಟ್ಟಿದ್ದ. ಹಾಕಿದ್ದನ್ನು ತಿರುಗಿ ತೆಗೆಯುವುದಕ್ಕೆ ನಾನು ಅರ್ಧ ಬೆಳಗು ಬೆವರು ಸುರಿಸಿದ್ದೆ. ಅವನು ಪೆನ್ನು ಹಿಡಿಯುವ ಮೊದಲು ಅಷ್ಟು ಹೊತ್ತು ಏನು ನೋಡುತ್ತಾ ಕೂರುತ್ತಿದ್ದ ಅಂತ ಆಗ ತಿಳಿಯಿತು. ಯಾವುದನ್ನು ಮಾಡಬೇಕಾಗಿಲ್ಲ ಅಂತ ಹುಡುಕುತ್ತಿದ್ದ.

ಸೇರುವ ಹುಡುಗರೇ, ಇದೊಂದನ್ನು ಕಲಿಯಿರಿ. ಪುಸ್ತಕ ಬಿಚ್ಚುವ ಮೊದಲು ಸಾಲನ್ನು ಪೂರ್ತಿ ಬರೆದು, ಸುಮ್ಮನೆ ನೋಡಿ. ನಾನು ಕಲಿಯಲಿಲ್ಲ. ಅವನಿಂದ ಕಲಿಯುವುದು ನನಗೆ ನುಂಗಲಾರದ ತುತ್ತಾಗಿತ್ತು. ಶೇಷಗಿರಿರಾಯರ ಪದ್ಧತಿಯನ್ನೇ ಹಿಡಿದು, ಬೇಗ ಬೇಗ ಮಾಡಿ ಅವನನ್ನು ಹಿಂದೆ ಹಾಕುತ್ತೇನೆ ಅಂತ ಹಠ ಹಿಡಿದೆ.

ಬೇಗ ಮಾಡಿದ್ದರ ಫಲ ಕುರುಗೋಡಿನ ಹತ್ತಿರದ ಒಂದು ಹೊಲದ ಲೆಕ್ಕದಲ್ಲಿ ಕೈಗೆ ಬಂತು. ಮೂರು ಬದಿಯ ಹೊಲ. ಬದಿಗಳ ಉದ್ದ ಗೊತ್ತಿದ್ದರೆ ವಿಸ್ತೀರ್ಣಕ್ಕೆ ಒಂದು ಸೂತ್ರ ಇದೆ. ಮೂರು ಬದಿಯ ಮೊತ್ತದ ಅರ್ಧ ತೆಗೆದುಕೊಂಡು, ಅದರಿಂದ ಒಂದೊಂದು ಬದಿಯನ್ನು ಕಳೆದು, ಬಂದ ಮೂರು ಸಂಖ್ಯೆಗಳನ್ನೂ ಆ ಅರ್ಧವನ್ನೂ ಗುಣಿಸಿ, ವರ್ಗಮೂಲ ತೆಗೆಯುವುದು. ಲಾಗಿನಲ್ಲಿ ಬಹಳ ಸುಲಭ, ನಾಲ್ಕು ಲಾಗ್ ಕೂಡಿಸಿ ಅರ್ಧ ಮಾಡಿದರೆ ಆಯಿತು. ನಾನು ಅವಸರದಲ್ಲಿ "ಕಳೆದು" ಅನ್ನುವಲ್ಲಿ ಉದ್ದದಿಂದ ಉದ್ದ ಕಳೆಯುವ ಬದಲು ಲಾಗಿನಿಂದ ಲಾಗ್ ಕಳೆದುಬಿಟ್ಟೆ. ಲಾಗ್ ಕಳೆದರೆ ಅದು ಭಾಗಾಕಾರ ಆಗುತ್ತದೆ. ಮೊದಲು ಕಳೆದು, ಉಳಿದದ್ದರ ಲಾಗ್ ತೆಗೆಯಬೇಕು. ಪೆಟ್ಟಿಗೆಯ ಕಾಲದಲ್ಲೂ ಈ ತಪ್ಪು ಮಾಡುವವರು ಇದ್ದಾರಂತೆ, ಕೇಳಿ ಸಮಾಧಾನವಾಯಿತು.

ಆವತ್ತು ನಾನೇ ಮೊದಲು ಕುರ್ಚಿ ತಿರುಗಿಸಿದ್ದೆ. ಎಷ್ಟು ಜೋರಾಗಿ ಅಂದರೆ ಅತ್ತ ಕಡೆ ನಕ್ಷೆ ಬರೆಯುವವರೂ ತಲೆ ಎತ್ತಿದರು. ಆದಿನಾರಾಯಣ ತನ್ನದು ಓದಿದ, ಸುಮಾರು ಇಪ್ಪತ್ತು ಎಕರೆ. ನಾನು ನನ್ನದು ನೋಡಿದೆ. ಹಾಳೆಯ ಮೇಲೆ ಅಂಗೈ ಮುಚ್ಚಿದೆ. ಶೇಷಗಿರಿರಾಯರು ಬಂದು ಹಾಳೆ ಇಸಕೊಂಡರು.

"ಬಸಪ್ಪ, ಇಲ್ಲಿದ್ದ ಹೊಲ ಎಲ್ಲಿ ಹೋತೋ? ಇದರಾಗ ಒಂದು ಎಮ್ಮಿ ಕಟ್ಟಿದ್ರ ಇನ್ನೊಂದು ಹೊರಗ ನಿಂದ್ರಬೇಕಲ್ಲೋ!"

ಬ್ಯಾರಕ್ಕಿಗೆ ಬ್ಯಾರಕ್ಕೇ ನಕ್ಕಿತು. ನಗದವನು ಆದಿನಾರಾಯಣ ಒಬ್ಬನೇ. ನನ್ನ ಹಾಳೆಯ ಮೇಲೆ ಬಗ್ಗಿ, ತಪ್ಪಿದ ಜಾಗಕ್ಕೆ ಬೆರಳಿಟ್ಟು, "ಇದು ನನಗೂ ಆಗ್ತೈತಿ ಬಸಪ್ಪಗಾರೂ," ಅಂದು, ಅಂಗೈ ತುಂಬ ಕಡಲೆ ಹಾಕಿದ. ಅವನೂ ನಕ್ಕಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು. ಆ ಕಡಲೆ ತಿಂದೆ.

ಇಷ್ಟರಲ್ಲಿ ಸಿರುಗುಪ್ಪದಲ್ಲಿ ಕ್ಯಾಂಪು ಹಾಕುತ್ತಾರಂತೆ, ಅಲ್ಲಿಗೆ ಒಬ್ಬ ಕಂಪ್ಯೂಟರನ್ನು ಕಳಿಸುತ್ತಾರಂತೆ ಅಂತ ಸುದ್ದಿ ಬಂತು. ಒಬ್ಬನೇ. ಜೋಡಿ ಇಲ್ಲ. ಅವನು ಹಾಕಿದ ಲೆಕ್ಕ ಅಲ್ಲೇ ನಡೆಯುತ್ತದೆ, ಒಂದೇ ಸಹಿ ಸಾಕು. ನಮ್ಮ ಕೆಲಸದಲ್ಲಿ ಒಂಟಿ ಸಹಿಗಿಂತ ದೊಡ್ಡ ಮರ್ಯಾದೆ ಇರಲಿಲ್ಲ. ನಿನ್ನ ಹಿಂದೆ ಇನ್ನೊಬ್ಬ ಕೂತು ಮಾಡಬೇಕಾಗಿಲ್ಲ, ನಿನ್ನೊಬ್ಬನ ಮಾತು ಸಾಕು ಅಂತ ಅದರ ಅರ್ಥ. ಅದರ ಮೇಲೆ ಆ ಸೀಮೆ ನನ್ನದು. ಕ್ಯಾಂಪಿನಿಂದ ಕುರುಗೋಡಿಗೆ ಹೋಗಿ ಅವ್ವನ ಕೈಯ ರೊಟ್ಟಿ ತಿಂದು ಬರಬಹುದಿತ್ತು. ಹಿರಿತನ ನನ್ನದು, ಊರು ನನ್ನದು. ನಾನು ಟ್ರಂಕು ಕೂಡ ತೆಗೆದಿಟ್ಟಿದ್ದೆ.

ಸಾಹೇಬರು ಆದಿನಾರಾಯಣನನ್ನು ಕಳಿಸಿದರು.

ಶೇಷಗಿರಿರಾಯರ ಹತ್ತಿರ ಹೋಗಿ ಕೇಳಿಯೇಬಿಟ್ಟೆ. "ರಾಯರೇ, ನಾನೇನು ಕಮ್ಮಿ ಮಾಡೀನ್ರಿ? ಆ ಸೀಮಿ ಕಲ್ಲು ಕಲ್ಲೂ ನನಗ ಗೊತ್ತು."

ಅವರು ನಶ್ಯ ಏರಿಸಿ, ಕಣ್ಣು ಒರೆಸಿಕೊಂಡು ಅಂದರು, "ಲೆಕ್ಕಕ್ಕ ಕಲ್ಲು ಗೊತ್ತಿರಬೇಕಾಗಿಲ್ಲಪ್ಪ. ಕ್ಯಾಂಪಿನಾಗ ಪುಸ್ತಕ ತಿರುವಾಕ ಹೊತ್ತಿರಂಗಿಲ್ಲ. ಅವಂದು ಒಂದ್ ಸಾಲಿನಾಗ ಮುಗೀತೈತಿ." ನನಗೆ ಪ್ರತಿ ಬಾಹುವೂ ಅಡಿಯಾಗಿ ಕಾಣಬೇಕು ಅಂತ ಕಲಿಸಿದವರು ಇವರೇ. ಇವರು ಕಲಿಸಿದಂತೆ ಮಾಡಿ ನಾನು ಹಿಂದೆ ಬಿದ್ದೆ, ಇವರ ಮಾತು ಮೀರಿ ಅವನು ಮುಂದೆ ಹೋದ. ಆವತ್ತು ಮಧ್ಯಾಹ್ನ ನಾನು ಒಂದು ಲಾಗೂ ತೆಗೆಯಲಿಲ್ಲ.

ಊರಿಗೆ ಹೋದಾಗ ಗಾಯಕ್ಕೆ ಉಪ್ಪು ಸವರಿದ್ದು ಅವ್ವ. ಕುರುಗೋಡು ಗುಡ್ಡದ ಕೆಲಸಕ್ಕೆ ಬಂದಾಗಲೆಲ್ಲ ಆದಿನಾರಾಯಣ ನಮ್ಮ ಮನೆಗೇ ಬರುತ್ತಿದ್ದನಂತೆ, ನನ್ನ ಹೆಸರು ಹೇಳಿಕೊಂಡು.

"ಆ ಹುಡುಗ ಎಷ್ಟು ಚೆಂದ ಉಣ್ತಾನಪಾ! ಕೆಂಪು ಖಾರ ಇನ್ನಷ್ಟು ಹಾಕವ್ವ ಅಂತಾನ. ನೀನು ತಾಟಿನ ಮುಂದ ಕೂತ್ರ ಮಾರಿ ಗಂಟು ಹಾಕ್ಕಂತಿ."

"ನನಗ ಖಾರ ಆಗಂಗಿಲ್ಲ, ಅದಕ್ಕ."

"ಖಾರ ಆಗದವ ಅಷ್ಟು ಯಾಕ ಉರಕೋತಿ?" ಅಂದಳು ಅವ್ವ. ಹೆತ್ತವಳು, ಅವಳಿಗೆ ಎಲ್ಲ ಕಾಣುತ್ತಿತ್ತು.

ಕ್ಯಾಂಪು ನಡೆದು ಸ್ವಲ್ಪ ತಿಂಗಳಾದ ಮೇಲೆ ಬ್ಯಾರಕ್ಕಿಗೆ ಸುದ್ದಿ ಬಂತು. ಸರಪಳಿಯ ತುದಿಯಲ್ಲಿ, ಸಿರುಗುಪ್ಪದ ಬಯಲಲ್ಲಿ, ಕೊನೆಯ ಬಾಹುವನ್ನೂ ಟೇಪು ಹಿಡಿದು ನೆಲದ ಮೇಲೆ ಅಳೆದಿದ್ದರು. ಲೆಕ್ಕ ಹಾಕಿ ಬಂದ ಉದ್ದಕ್ಕೂ ಅದಕ್ಕೂ ತಾಳೆಯಾಗಿರಲಿಲ್ಲ. ಲೆಕ್ಕ ಯಾರದು? ಕ್ಯಾಂಪಿನಲ್ಲಿ ಹೊಸದಾಗಿ ಅಳೆದ ಕೋನಗಳಿಂದ ಮಾಡಿದ, ಆದಿನಾರಾಯಣನ ಒಂಟಿ ಸಹಿಯದು. ಇನ್ನೊಬ್ಬ ಕಂಪ್ಯೂಟರ್ ಬಂದು ಮೊದಲಿಂದ ನೋಡಬೇಕು ಅಂತ ಸಾಹೇಬರು ನನ್ನನ್ನು ಕರೆಸಿದರು.

ಪೆಟ್ರೋಲು ಸಿಗದೆ ಸಿರುಗುಪ್ಪದ ಬಸ್ಸು ಆಗಿನ್ನೂ ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ದಾರಿಯುದ್ದಕ್ಕೂ ನಿಂತು ನಿಂತು ಇದ್ದಿಲು ತುಂಬಿಸಿಕೊಂಡು ಹೋಯಿತು. ನನಗೆ ಬೇಸರವೇ ಆಗಲಿಲ್ಲ. ಅವನ ತಪ್ಪು ಎಲ್ಲಿರಬಹುದು ಅಂತ ಎಣಿಸುತ್ತಾ ಕೂತಿದ್ದೆ. ಗೆರೆಯ ಮೇಲೆ ಇರಬೇಕಾದ್ದು ಕೆಳಗೆ ಬಿದ್ದಿರಬೇಕು. ಗೀಟು ಹೊಡೆಯಬಾರದ್ದಕ್ಕೆ ಗೀಟು ಹೊಡೆದಿರಬೇಕು. ದೊಡ್ಡಬಸವೇಶ್ವರನಿಗೆ ಹರಕೆ ಹೊತ್ತುಕೊಳ್ಳುವುದೊಂದು ಬಾಕಿ.

ಕ್ಯಾಂಪಿನ ಡೇರೆಯಲ್ಲಿ ಅವನ ಸಾಲನ್ನು ನೋಡಿದೆ. ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಪ್ರತಿ ಲಾಗನ್ನೂ ಪುಸ್ತಕದೊಂದಿಗೆ ಹಿಡಿದು ನೋಡಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೂ ತಾಳೆ ಇಲ್ಲವಲ್ಲ? ಹಾಗಾದರೆ ತಪ್ಪು ಕೊಟ್ಟ ಕೋನದಲ್ಲಿದೆ. ಯಾವ ಕೋನದಲ್ಲಿ ಅಂತ ಆ ಸಾಲಿನಲ್ಲಿ ಕಾಣುತ್ತಿರಲಿಲ್ಲ. ಎಲ್ಲವೂ ಒಂದೇ ಪಾತ್ರೆಗೆ ಬಿದ್ದು ಕುದ್ದಿದ್ದವು.

ಆಗ ನಾನು ನನ್ನ ಹಳೆಯ ಪದ್ಧತಿ ಹಿಡಿದೆ. ಪ್ರತಿ ತ್ರಿಕೋನಕ್ಕೂ ಇಳಿದು ಅಡಿ ಬರೆದೆ, ಮತ್ತೆ ಹತ್ತಿದೆ. ಹಳೆಯ ನಕ್ಷೆಯೊಂದನ್ನು ಪಕ್ಕದಲ್ಲಿ ಹರಡಿಕೊಂಡು ಒಂದೊಂದೇ ಬಾಹುವನ್ನು ಹೋಲಿಸುತ್ತಾ ಹೋದೆ. ಕುರುಗೋಡು ಗುಡ್ಡದ ತನಕ ಎಲ್ಲ ನೆಟ್ಟಗಿತ್ತು. ಕುರುಗೋಡು ಗುಡ್ಡವನ್ನು ಮೂಲೆಯಾಗಿ ಇಟ್ಟುಕೊಂಡ ಮುಂದಿನ ತ್ರಿಕೋನದಲ್ಲಿ ಬಾಹು ಒಮ್ಮೆಗೇ ಹಾರಿತು. ಆ ತ್ರಿಕೋನಕ್ಕೆ ಯಂತ್ರವನ್ನು ಗುಡ್ಡಕ್ಕೆ ಹತ್ತಿಸದೆ, ಕೆಳಗಿನ ಎರಡು ಮೂಲೆಗಳಿಂದ ಎರಡು ಕೋನ ಅಳೆದು, ಮೂರನೆಯದನ್ನು ನೂರಎಂಬತ್ತರಿಂದ ಕಳೆದು ಬರೆದುಕೊಂಡಿದ್ದರು, ಹಾಗಾಗಿ ಮೂರರ ಮೊತ್ತ ನೋಡಿ ತಪ್ಪು ಹಿಡಿಯುವ ದಾರಿ ಇರಲಿಲ್ಲ. ಮೇಲೆ ಹತ್ತಿ ನೋಡಿದರೆ ಗುರಿಗೆ ಅಂತ ನೆಟ್ಟಿದ್ದ ಬಾವುಟದ ಕೋಲು ಗಾಳಿಗೆ ವಾಲಿ ನಿಂತಿತ್ತು. ಕೆಳಗಿನವರು ವಾಲಿದ ತುದಿಗೆ ಗುರಿ ಹಿಡಿದು ಅಳೆದಿದ್ದರು. ಕೋಲು ನೆಟ್ಟಗೆ ಮಾಡಿ ಮತ್ತೆ ಅಳೆದ ಮೇಲೆ ತುದಿ ತಾಳೆಗೆ ಬಂತು.

ಒಂದು ಗಳಿಗೆ ನಾನು ರಾಜ. ನನ್ನ ನಿಚ್ಚಣಿಕೆಯನ್ನು ಕಂಡು ನಕ್ಕವರೆಲ್ಲ ಈಗ ಬರಲಿ ಅಂತ ಎದೆ ಉಬ್ಬಿಸಿ ಸಾಹೇಬರ ಡೇರೆಗೆ ಹೋದೆ.

ಸಾಹೇಬರು ಎಲ್ಲ ಕೇಳಿ ತಲೆದೂಗಿದರು. "ಒಳ್ಳೇ ಕೆಲಸ ಆಯಿತು ಬಸಪ್ಪ. ಆದಿನಾರಾಯಣ ಹೇಳಿದ್ದು ನಿಜವಾಯಿತು ನೋಡು. ತಪ್ಪು ಹುಡುಕೋದಕ್ಕೆ ನನ್ನ ಸಾಲು ಉಪಯೋಗಕ್ಕೆ ಬರೋದಿಲ್ಲ, ಬಸಪ್ಪನವರ ಪದ್ಧತಿಯೇ ಬೇಕು, ಅವರನ್ನೇ ಕರೆಸಿ ಅಂತ ಅವನೇ ಕೇಳಿಕೊಂಡ. ತನ್ನ ಲೆಕ್ಕವನ್ನು ತಾನೇ ಬಿಚ್ಚಿ ಕೊಡೋ ಮನುಷ್ಯ ಸಿಗೋದು ಕಷ್ಟ."

ಕೇಳಿದಿರಾ! ಗೆದ್ದವನು ನಾನು, ಹೊಗಳಿಕೆ ಅವನಿಗೆ. ಹೊರಗೆ ಬಂದರೆ ಅವನು ಎರಡು ಲೋಟ ಚಹಾ ಹಿಡಿದು ನಿಂತಿದ್ದ. "ನೀವು ಬರದಿದ್ರ ನಾನು ಮುಳುಗಿಹೋಗ್ತಿದ್ದೆ ಬಸಪ್ಪಗಾರೂ," ಅಂದ. ಮುಖದಲ್ಲಿ ಎಳ್ಳಷ್ಟೂ ಕಪಟ ಇರಲಿಲ್ಲ. ಹೊಟ್ಟೆಕಿಚ್ಚು ಪಡುವವನಿಗೆ ಎದುರಾಳಿ ಒಳ್ಳೆಯವನಾಗಿರುವುದಕ್ಕಿಂತ ಕೆಟ್ಟ ಶಿಕ್ಷೆ ಇಲ್ಲ. ಚಹಾ ಕುಡಿದೆ, ನಾಲಿಗೆ ಸುಟ್ಟಿತು.

ಕ್ಯಾಂಪು ಮುಗಿದು ಅವನು ಬ್ಯಾರಕ್ಕಿಗೆ ಮರಳಿದ. ಮತ್ತೆ ಬೆನ್ನಿಗೆ ಬೆನ್ನು, ಮತ್ತೆ ಅವನ ಕುರ್ಚಿಯೇ ಮೊದಲು. ಹಾಗೇ ಕೆಲವು ವರ್ಷ ಕಳೆದವು. ಆಂಧ್ರ ಬೇರೆಯಾದಾಗ ನಮ್ಮ ಜಿಲ್ಲೆಯನ್ನೂ ಹರಿದು ಹಂಚಿದರು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ, ಆದೋನಿ ಆಂಧ್ರಕ್ಕೆ. ಆಫೀಸಿನವರೂ ಅತ್ತ ಇತ್ತ ಆಗಬೇಕಾಯಿತು. ಅವನು ತನ್ನ ಊರಿನ ಕಡೆ ಹೋದ. ಇಡೀ ಊರು ಗಡಿಯ ಬಗ್ಗೆ ಜಗಳ ಆಡುತ್ತಿರುವಾಗ ನನಗೆ ಒಂದೇ ಯೋಚನೆ, ಇನ್ನು ಮೇಲೆ ನನ್ನ ಹಿಂದೆ ಕಡಲೆ ಅಗಿಯುವವರು ಯಾರೂ ಇಲ್ಲ.

ಹೊಸ ಜೋಡಿ ಸಿಕ್ಕ. ಒಳ್ಳೆಯ ಹುಡುಗ, ಆಮೆಯ ನಡೆ. ನಾನು ಮೊದಲು ಕುರ್ಚಿ ತಿರುಗಿಸತೊಡಗಿದೆ. ತಿರುಗಿಸಿ ಕೂತೇ ಕೂತೆ. ಅವನ ಬೆನ್ನು ನೋಡಿದರೆ ಹಿಂದಿನ ಸುಖ ಬರಲಿಲ್ಲ, ನಿದ್ದೆ ಬಂತು. ಯಾವಾಗಿನಿಂದಲೋ ಗೊತ್ತಿಲ್ಲ, ನಾನೂ ಪುಸ್ತಕ ಬಿಚ್ಚುವ ಮೊದಲು ಸಾಲನ್ನು ಪೂರ್ತಿ ಬರೆದು ನೋಡುತ್ತಾ ಕೂರುತ್ತಿದ್ದೆ. ಮೇಲಿನದು ಮೇಲೆ, ಕೆಳಗಿನದು ಕೆಳಗೆ, ಸಮನಾದದ್ದಕ್ಕೆ ಗೀಟು. ಅವನಿರುವಾಗ ಕೈ ಒಪ್ಪದ್ದು ಅವನು ಹೋದ ಮೇಲೆ ತಾನಾಗಿ ಬಂತು. ಶೇಷಗಿರಿರಾಯರು ನೋಡಿ, ನಶ್ಯ ಏರಿಸಿಕೊಂಡು ಮುಂದೆ ಹೋದರು.

ಮರುಬೇಸಿಗೆಯಲ್ಲಿ ಒಂದು ಕೆಲಸ ಬಂತು. ನಮ್ಮ ಸರಪಳಿ ಸಿರುಗುಪ್ಪದಿಂದ ಗಡಿ ದಾಟಿ ಅತ್ತಲೂ ಮುಂದುವರಿಯುತ್ತದೆ. ಗಡಿಯ ಮೇಲಿನ ಬಾಹುವನ್ನು ಎರಡೂ ಕಡೆಯವರು ಲೆಕ್ಕ ಹಾಕಿ ಒಪ್ಪಬೇಕು. ಅಲ್ಲೂ ಅದೇ ಜೋಡಿ ಪದ್ಧತಿ, ಜೋಡಿಯವನು ಮಾತ್ರ ಬೇರೆ ರಾಜ್ಯದವನು. ಅತ್ತಲಿಂದ ಯಾರು ಬರುತ್ತಾರೆ ಅಂತ ನಾನು ಯಾರನ್ನೂ ಕೇಳಲಿಲ್ಲ. ಹೋಗುವ ಹಿಂದಿನ ದಿನ ಪಾರ್ವತಿನಗರದ ಕಡೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದೆ.

ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಮಡಚುವ ಸ್ಟೂಲು ಎರಡು ಹಾಕಿದ್ದರು. ಆದಿನಾರಾಯಣ ಆಗಲೇ ಬಂದಿದ್ದ. ತಲೆಯ ಮುಂದೆ ಸ್ವಲ್ಪ ಕೂದಲು ಹೋಗಿತ್ತು, ಜೇಬು ಮಾತ್ರ ಹಾಗೇ ಉಬ್ಬಿತ್ತು. ನಾವಿಬ್ಬರೂ ಏನೂ ಯೋಚಿಸದೆ ಸ್ಟೂಲುಗಳನ್ನು ಬೆನ್ನಿಗೆ ಬೆನ್ನು ಮಾಡಿ ಹಾಕಿಕೊಂಡು ಕೂತೆವು. ಲೆಕ್ಕ ಮನೆಯಲ್ಲೇ ಮಾಡಿ ತಂದಿದ್ದೆವು, ಓದುವುದಷ್ಟೇ ಬಾಕಿ. ಆದರೂ ಅಭ್ಯಾಸ.

"ಓದಪಾ," ಅಂದೆ. ಒಂದೇ ಒಂದು ಅಂಕಿ ಬರುತ್ತದೆ, "ಸರಿ" ಅಂದು ಏಳುವುದು ಅಂದುಕೊಂಡಿದ್ದೆ.

ಅವನು ಮೊದಲನೇ ತ್ರಿಕೋನದ ಬಾಹು ಓದಿದ, ಅಡಿಯಲ್ಲಿ. ಎರಡನೆಯದು ಓದಿದ. ನಾನು ನನ್ನ ಹಾಳೆ ನೋಡಿದೆ. ನನ್ನ ಹಾಳೆಯಲ್ಲಿ ಅವು ಇರಲಿಲ್ಲ. ನನ್ನದು ಮುಕ್ಕಾಲು ಭಾಗ ಬರೀ ಬಿಳಿ, ಒಂದೇ ಸಾಲು.

"ಇದೇನಪಾ ನಾರಾಯಣ, ನೀನು ಯಾವಾಗಿಂದ ನಿಚ್ಚಣಿಕಿ ಇಳಿಯಾಕ ಹತ್ತಿದಿ?"

"ಒಂದೇ ಸಾಲೂ ಮಾಡೀನ್ರಿ. ಮಾಡಿ, ಅದರ ಪಕ್ಕಕ್ಕ ನಿಮ್ಮಂಗ ಒಂದೊಂದು ಬಾಹುನೂ ಬರೀತೀನಿ. ಸಾಲಿನಿಂದ ಉತ್ತರ, ನಿಮ್ಮದರಿಂದ ಧೈರ್ಯ."

ಎರಡೂ. ಅವನ ಹತ್ತಿರ ಎರಡೂ ಇದ್ದವು. ನಾನು ಅವನದನ್ನು ಹಿಡಿಯುವ ಭರದಲ್ಲಿ ನನ್ನದನ್ನು ಬಿಟ್ಟುಬಿಟ್ಟಿದ್ದೆ. ಅವನು ನನ್ನದನ್ನೂ ಎತ್ತಿಕೊಂಡು, ನಾನು ಮಾಡಿದ್ದಕ್ಕಿಂತ ಚೊಕ್ಕವಾಗಿ ಮಾಡಿದ್ದ. ಕೊನೆಗೆ ಗಡಿಯ ಬಾಹು ಓದಿದ. ಏಳು ಅಂಕಿಗೆ ಏಳೂ ಕೂಡಿತು. "ಸರಿ," ಅಂದೆ.

ಹಿಂದೆ ಸ್ಟೂಲು ತಿರುಗಿದ ಸದ್ದಾಯಿತು. ಒಣ ನೆಲದ ಮೇಲೆ ಕರ್ ಅಂತ.

"ಬಸಪ್ಪಗಾರೂ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬಳ್ಳಾರ್ಯಾಗ ಇದ್ದಷ್ಟು ದಿನ ನಿಮ್ಮನ್ನ ಕಂಡ್ರ ನನಗ ಹೊಟ್ಟಿ ಉರೀತಿತ್ತು."

ನಾನು ತಿರುಗಿ ನೋಡಿದೆ. "ನನ್ನನ್ನ ಕಂಡ್ರ? ಯಾಕೋ?"

"ಲೆಕ್ಕದ ನಡುವ ಎಬ್ಬಿಸಿ ಕೇಳಿದ್ರ ನೀವು ಯಾವ ಗುಡ್ಡದಾಗ ಅದೀರಿ ಅಂತ ಹೇಳ್ತಿದ್ರಿ. ನನಗ ಬಳ್ಳಾರಿ ಬಿಟ್ರ ಸಿರುಗುಪ್ಪಾನೇ, ನಡುವ ಬರೇ ಕತ್ತಲಿ. ನಾನು ಬ್ಯಾಗ ಮುಗಿಸಿ ತಿರುಗಿ ಕೂತ್ಕಂಡು ನಿಮ್ಮ ಬೆನ್ನು ನೋಡ್ತಿದ್ದೆ. ಈ ಮನುಷ್ಯ ಗುಡ್ಡ ಗುಡ್ಡಾನೂ ಕಣ್ಣಾರೆ ನೋಡ್ಕಂತ ಬರ್ತಾನಲ್ಲ ಅಂತ ಅನಸ್ತಿತ್ತು."

ಅವನು ನನ್ನ ಮುಂದೆ ಕಡಲೆ ಹಿಡಿದ. ನಾನು ಏನಾದರೂ ಹೇಳಬೇಕಿತ್ತು. "ಬಿಸಿಲು ಏರಿತು, ಸಹಿ ಹಾಕಪಾ," ಅಂದೆ. ಇಬ್ಬರೂ ಸಹಿ ಹಾಕಿದೆವು. ಅವನು ಆದೋನಿ ಕಡೆಯ ಬಸ್ಸಿಗೆ ಹೋದ, ನಾನು ಸಿರುಗುಪ್ಪದ ಕಡೆಯದಕ್ಕೆ. ಮತ್ತೆ ನಾವು ಭೇಟಿಯಾಗಲಿಲ್ಲ.

ಬಸ್ಸಿನಲ್ಲಿ ಕೂತಾಗ ನನಗೆ ಸಂತೋಷ ಆಗಬೇಕಿತ್ತು. ಅಂಥವನು ನನ್ನನ್ನು ಕಂಡು ಕರುಬಿದ್ದ ಅಂದರೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದು? ಸಂತೋಷ ಆಯಿತು ಕೂಡ, ಕುರುಗೋಡಿನ ಗುಡ್ಡ ಕಾಣಿಸುವ ತನಕ. ಗುಡ್ಡ ಕಂಡ ಮೇಲೆ ಮತ್ತೆ ಹೊತ್ತಿಕೊಂಡಿತು, ಈಗಲೂ ಆರಿಲ್ಲ. ನಿನ್ನನ್ನು ಕಂಡರೆ ಹೊಟ್ಟೆ ಉರಿಯುತ್ತದೆ ಅನ್ನುವ ಆ ಮಾತು ಅಷ್ಟು ವರ್ಷ ದಿನವೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಬೆನ್ನು ಹಾಕಿಕೊಂಡು ಕೂತೇ ಇದ್ದೆ. ಅದರಲ್ಲೂ ಮೊದಲು ತಿರುಗಿದವನು ಅವನೇ.